ಮೂಡಲಿಂದ ಶುರು

ರೇಣಮ್ಮ ನಮ್ಮ ಕಾರ್ಖಾನೆ ಸೇರಿ ಇನ್ನೂ ಎಂಟು ತಿಂಗಳು. ನಾನು ಸೇರಿ ಆರು ವರ್ಷ. ಲೋಹದ ಪುಡಿಯನ್ನು ಲೇಸರಿನಿಂದ ಕರಗಿಸಿ, ಪದರದ ಮೇಲೆ ಪದರ ಕೂಡಿಸಿ ಪಂಪಿನ ಚಕ್ರ ಮಾಡುವುದನ್ನು ಇಲ್ಲಿ, ಯಾದಗಿರಿಯಲ್ಲಿ, ಮೊದಲು ಕಲಿತವನು ನಾನೇ. ಆದರೂ ಹೈದರಾಬಾದಿನಿಂದ ಮೂರು ದಿನಕ್ಕೆಂದು ಎರವಲು ತಂದ ಹೈಸ್ಪೀಡ್ ಕ್ಯಾಮೆರಾವನ್ನು ಮಾಲೀಕ ಜಲಾಲುದ್ದೀನ ಸಾಹೇಬರು ಆಕೆಯ ಕೈಗೆ ಕೊಟ್ಟರು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆಕೆ ಹುಣಸಗಿಯವಳು, ಕಾಲುವೆ ನೀರು ಹೊಲದ ಬದುವಿಗೇ ಬರುವ ಮನೆತನ. ನಮ್ಮದು ಸಗರದ ಕಡೆ ಮಳೆ ನಂಬಿದ ಹೊಲ, ಒಂದಿಷ್ಟು ಕುರಿ. ಕಾಲುವೆ ನೀರಿನವರಿಗೆ ಎಲ್ಲವೂ ಹರಿದೇ ಬರುತ್ತದೆ ಅಂದುಕೊಂಡೆ.

ನಾವು ಮಾಡಿದ ಚಕ್ರಗಳು ಬಿರುಕು ಬಿಡುತ್ತಿದ್ದವು. ಕಾರಣ ಹಿಡಿದವರೇ ಈ ಕೆಲಸಕ್ಕೆಂದು ತೆರೆಯುವ ಹೊಸ ವಿಭಾಗದ ಮುಖ್ಯಸ್ಥರು ಎಂದು ಸಾಹೇಬರು ಹೇಳಿದ್ದರು. ಆ ಕುರ್ಚಿ ನನ್ನದೇ ಎಂದು ಮನೆಯಲ್ಲಿ ಹೇಳಿಯೂ ಬಿಟ್ಟಿದ್ದೆ.

ಮೂರನೆಯ ದಿನ ಆಕೆ ಎಲ್ಲರನ್ನೂ ಪರದೆಯ ಮುಂದೆ ಕರೆದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ ಆ ಕ್ಯಾಮೆರಾ ಹಿಡಿದ ಚಿತ್ರದಲ್ಲಿ ನಿಧಾನವಾಗಿ, ನಿಮಿಷಗಟ್ಟಲೆ ನಡೆಯಿತು. ಲೇಸರು ತಾಗಿದಲ್ಲಿ ದಪ್ಪ ಕಣಗಳು ಸಿಡಿದವು. ಯಂತ್ರದೊಳಗೆ ಬೀಸುವ ಅನಿಲ ಅವನ್ನು ಒಯ್ದು ಇನ್ನೂ ಕರಗದ ಪುಡಿಯ ಮೇಲೆ ಉದುರಿಸಿತು. ಆಮೇಲೆ ಅವು ಪೂರ್ತಿ ಕರಗದೆ ಒಳಗೇ ಉಳಿದು, ಅಲ್ಲೇ ಬಿರುಕು.

“ಗಾಳಿ ಮೂಡಲಿಂದ ಪಡುವಲಕ್ಕ ಬೀಸ್ತದರಿ. ಲೇಸರೂ ಮೂಡಲಿಂದನ ಸುರು ಆಗ್ತದ. ರಾಶಿ ತೂರುವಾಗ ಹೊಟ್ಟು ಬೀಳೋ ಕಡಿ ಯಾರರ ಕಾಳು ಹರವ್ತಾರೇನ್ರಿ?” ಎಂದಳು. ಪಡುವಲಿಂದ ಶುರು ಮಾಡಿದರೆ ಕಣಗಳು ಆಗಲೇ ಗಟ್ಟಿಯಾದ ಭಾಗದ ಮೇಲೆ ಬೀಳುತ್ತವೆ, ಅಷ್ಟು ಕೆಡುಕಿಲ್ಲ ಎಂದು ವಿವರಿಸಿದಳು.

ಬಿತ್ತನೆ ಮೂಡಲಿಂದಲೇ ಶುರುವಾಗಬೇಕು ಎಂಬುದು ನಮ್ಮಪ್ಪನ ಮಾತು. ಯಂತ್ರ ಬಂದ ದಿನ ಕಾಯಿ ಒಡೆದು, ಕಂಪನಿಯವರು ಇಟ್ಟಿದ್ದ ಸೆಟ್ಟಿಂಗ್ ತಿರುಗಿಸಿ ಲೇಸರು ಮೂಡಲಿಂದ ಶುರುವಾಗುವಂತೆ ಇಟ್ಟವನು ನಾನೇ. ರೇಣಮ್ಮನಿಗೆ ಅದು ಗೊತ್ತು. ಹಿರಿತನ ತೋರಿಸಲು ಹೋಗಿ ನಾನೇ ಹೇಳಿದ್ದೆ.

“ಇದನ್ನ ಹಿಂಗ ಇಟ್ಟವ್ರು ಯಾರು?” ಸಾಹೇಬರು ಕೇಳಿದರು.

ಆಕೆ ನನ್ನ ಕಡೆ ನೋಡಲಿಲ್ಲ. “ನಾ ಬಂದಾಗಿಂದ ಹಂಗ ಅದರಿ” ಎಂದಳು.

ಆಕೆ ನನ್ನ ಹೆಸರು ಹೇಳಿದ್ದರೆ ಜಗಳ ತೆಗೆಯಬಹುದಿತ್ತು, ನನ್ನ ಜಾಗ ಕಸಿದಳೆಂದು ಊರೆಲ್ಲ ಸಾರಬಹುದಿತ್ತು. ಆ ನೆಪವನ್ನೂ ನನಗೆ ಉಳಿಸಲಿಲ್ಲ. ಸಾಹೇಬರು ಆಕೆಯನ್ನು ಮುಖ್ಯಸ್ಥೆ ಎಂದಾಗ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ. ಕುರ್ಚಿ ಹೋದದ್ದಕ್ಕಿಂತ, ಆಕೆಯ ಆ ದೊಡ್ಡ ಮನಸ್ಸು ಕಂಡೇ ಈಗ ಹೆಚ್ಚು ಹೊಟ್ಟೆ ಉರಿಯುತ್ತಿತ್ತು.