ನಾಲ್ಕು ಸಾಲಿನ ಸುದ್ದಿ

ಮೂರನೆಯ ಹುಡುಗನೂ "ಆ್ಯಂಕರ್ ಆಗಬೇಕಂತ ಮಾಡೀನ್ರಿ ಸರ್" ಎಂದು ಹೇಳಿ ಕುಳಿತಾಗ ವಿಶ್ವರಾಧ್ಯ ಹಾಜರಿ ಪುಸ್ತಕದ ಮೇಲೆ ಪೆನ್ನು ಅಡ್ಡ ಇಟ್ಟು ಕಣ್ಣು ಉಜ್ಜಿಕೊಂಡ. ಪತ್ರಿಕೋದ್ಯಮ ವಿಭಾಗಕ್ಕೆಂದು ಕೊಟ್ಟಿದ್ದ ಆ ಕೋಣೆ ಮೊದಲು ಆಟದ ಸಾಮಾನು ಇಡುವ ಕೋಣೆಯಾಗಿತ್ತು. ಮೂಲೆಯಲ್ಲಿ ಹರಿದ ವಾಲಿಬಾಲ್ ನೆಟ್ಟೊಂದು ಇನ್ನೂ ಬಿದ್ದಿತ್ತು. ಫ್ಯಾನ್ ತಿರುಗುತ್ತಿತ್ತು, ಗಾಳಿ ಬರುತ್ತಿರಲಿಲ್ಲ. ಯಾದಗಿರಿಯ ಆಗಸ್ಟ್ ತಿಂಗಳ ಸೆಖೆಯಲ್ಲಿ ಹನ್ನೊಂದು ಮಂದಿ ವಿದ್ಯಾರ್ಥಿಗಳು ಹೊಸ ನೋಟ್‌ಬುಕ್ ಬೀಸಿಕೊಳ್ಳುತ್ತ ಕೂತಿದ್ದರು.

ಅವನು ಅತಿಥಿ ಉಪನ್ಯಾಸಕನಾಗಿ ಬಂದು ಇದು ಆರನೆಯ ವರ್ಷ. ಪ್ರತಿ ವರ್ಷವೂ ಮೊದಲ ದಿನ ಇದೇ: ಹೆಸರು, ಊರು, ಮುಂದೆ ಏನಾಗಬೇಕೆಂದಿದ್ದೀರಿ. ಮೊದಲೆರಡು ವರ್ಷ ಉತ್ತರಗಳನ್ನು ಆಸೆಯಿಂದ ಕೇಳಿದ್ದ. ಆಮೇಲೆ, ಆ್ಯಂಕರ್ ಆಗುತ್ತೇನೆಂದವರಲ್ಲಿ ಒಬ್ಬ ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತ, ಇನ್ನೊಬ್ಬಳು ಮಗುವನ್ನೆತ್ತಿಕೊಂಡು ಸುರಪುರದ ಬಸ್ಸಿಗೆ ಕಾಯುತ್ತ ಸಿಕ್ಕಿ, "ಸರ್, ಗುರ್ತು ಸಿಗ್ತೇನ್ರಿ?" ಎಂದು ಕೇಳಿದ ಮೇಲೆ, ಕೇಳುವ ಕಿವಿ ದಣಿದಿತ್ತು.

ರಾಮಸಮುದ್ರದ ಶರಣಕುಮಾರ ಎದ್ದು, ತನಗೊಂದು ಯೂಟ್ಯೂಬ್ ಚಾನೆಲ್ ಇದೆ, ಈಗಾಗಲೇ ನಾಲ್ಕುನೂರು ಮಂದಿ ನೋಡುತ್ತಾರೆ ಎಂದ. ಸಾಬೇರಾ ಎಂಬ ಹುಡುಗಿ ತಗ್ಗಿದ ದನಿಯಲ್ಲಿ, "ರೇಡಿಯೋದಾಗ ಮಾತಾಡಬೇಕ್ರಿ. ಮಾರಿ ಕಾಣಂಗಿಲ್ಲಲ್ರಿ, ಮನ್ಯಾಗ ಬ್ಯಾಡ ಅನ್ನಂಗಿಲ್ಲ" ಎಂದಳು. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಕೊನೆಯ ಬೆಂಚಿನ ಹುಡುಗಿ ಎದ್ದು ನಿಂತಳು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಜಡೆ, ತೋಳು ಉದ್ದವಾದ ಹಳೆಯ ಚೂಡಿದಾರ.

"ನನ್ನ ಹೆಸರು ಸುಕನ್ಯಾ ಅಂತ್ರಿ. ಭೀಮರಾಯನಗುಡಿ ಬಾಜೂ ಹಳ್ಳಿ. ಇಲ್ಲಿ ಹಾಸ್ಟೆಲ್‌ನಾಗ ಇರ್ತೀನ್ರಿ."

"ಏನಾಗಬೇಕಂತ ಮಾಡೀದಿ?"

"ಏನೂ ಆಗಾಕಲ್ರಿ ಸರ್. ಸುದ್ದಿ ಹೆಂಗ ಬರೀತಾರಂತ ತಿಳ್ಕೋಬೇಕಾಗಿತ್ರಿ."

"ತಿಳ್ಕೊಂಡು?"

ಅವಳು ಬೆಂಚಿನ ಅಂಚು ಹಿಡಿದುಕೊಂಡಳು. "ಎಂಟು ವರ್ಷದ ಹಿಂದ ನಮ್ಮ ಅಕ್ಕ ಕಾಲುವ್ಯಾಗ ಕಾಲು ಜಾರಿ ಹೋದ್ಲು. ಪೇಪರ್‌ನಾಗ ಬ್ಯಾರೇನ ಬಂತ್ರಿ." ಆಮೇಲೆ, ಪದ್ಯ ಒಪ್ಪಿಸುವ ಮಕ್ಕಳ ಹಾಗೆ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದಳು: "ಕೌಟುಂಬಿಕ ಕಲಹದಿಂದ ಮನನೊಂದ ಗೃಹಿಣಿಯೊಬ್ಬರು ಕಾಲುವೆಗೆ ಹಾರಿ ಆತ್ಮಹತ್ಯೆ ಮಾಡಿಕೊಂಡ ಘಟನೆ ಭೀಮರಾಯನಗುಡಿ ಸಮೀಪ ಮಂಗಳವಾರ ನಡೆದಿದೆ. ಮೃತರನ್ನು ಹತ್ತೊಂಬತ್ತು ವರ್ಷದ ಭುವನೇಶ್ವರಿ ಎಂದು ಗುರುತಿಸಲಾಗಿದೆ. ನಾಲ್ಕು ತಿಂಗಳ ಹಿಂದಷ್ಟೇ ವಿವಾಹವಾಗಿತ್ತು." ಮತ್ತೆ ಸೇರಿಸಿದಳು: "ನಮ್ಮ ಅಕ್ಕನ ಹೆಸರು ಮೌನೇಶ್ವರಿ ಅಂತಿತ್ರಿ. ಹೆಸರೂ ಗಲತ್ ಹಾಕ್ಯಾರ. ಆಕಿ ಬೀಳೋ ಹೊತ್ನಾಗ ನಾ ಬಾಜೂಕ ಇದ್ದೆ. ಯಾರೂ ನನ್ನ ಕೇಳಲಿಲ್ರಿ."

ಕೋಣೆಯಲ್ಲಿ ನೋಟ್‌ಬುಕ್ ಬೀಸುವ ಸದ್ದು ನಿಂತಿತು. ವಿಶ್ವರಾಧ್ಯ, "ಕೂಡು ತಂಗಿ" ಎಂದ.

ಎಂಟು ವರ್ಷದ ಹಿಂದೆ ಅವನು ಶಹಾಪುರದಲ್ಲಿ ಒಂದು ಜಿಲ್ಲಾ ಪತ್ರಿಕೆಗೆ ವರದಿಗಾರನಾಗಿದ್ದ. ಆ ಸಂಜೆ ಮರಳಿ ಶಹಾಪುರಕ್ಕೆ ಹೋಗುವ ಬಸ್ಸಿನಲ್ಲಿ, ಭೀಮಾ ಸೇತುವೆ ದಾಟುವಾಗ, ತನಗೆ ತಾನೇ ಸಮಾಧಾನ ಹೇಳಿಕೊಂಡ. 'ಮನನೊಂದ ಗೃಹಿಣಿ' ಎಂದು ಆಗ ಎಲ್ಲರೂ ಬರೆಯುತ್ತಿದ್ದರು. ನಾಲ್ಕೈದು ಪತ್ರಿಕೆಯವರು ಒಂದೇ ಚಹಾದಂಗಡಿಯಲ್ಲಿ ಕೂತು, ಒಬ್ಬರ ಸುದ್ದಿ ಒಬ್ಬರು ನೋಡಿ ಬರೆದುಕೊಳ್ಳುತ್ತಿದ್ದರು. ಆ ಸುದ್ದಿ ಯಾರದಾದರೂ ಆಗಿರಬಹುದು.

ಮನೆಗೆ ಬಂದವನೇ ಮಂಚದ ಕೆಳಗಿನ ಟ್ರಂಕು ಎಳೆದ. ಹೆಂಡತಿ ನಾಗರತ್ನಾ ಅಂಗನವಾಡಿಯಿಂದ ಬಂದು ಚಹಾ ಇಡುತ್ತಿದ್ದಳು. ಟ್ರಂಕಿನಲ್ಲಿ ಅವನ ಸುದ್ದಿಗಳನ್ನು ಕತ್ತರಿಸಿ ಅಂಟಿಸಿದ ಏಳು ಪುಸ್ತಕಗಳಿದ್ದವು. ಬರೆಯುವ ಹುಮ್ಮಸ್ಸಿದ್ದ ಕಾಲದಲ್ಲಿ ಅವಳೇ ಗೋಧಿಹಿಟ್ಟಿನ ಅಂಟು ಕಾಸಿ ಕೊಡುತ್ತಿದ್ದಳು. ಐದನೆಯ ಪುಸ್ತಕದಲ್ಲಿ, ಪಂಚಮಿ ಹಬ್ಬದ ವಾರದ ಹಾಳೆಯಲ್ಲಿ, ಟ್ರ್ಯಾಕ್ಟರ್ ಪಲ್ಟಿಯಾದ ಸುದ್ದಿಗೂ ಕುರಿ ಕಳವಿನ ಸುದ್ದಿಗೂ ನಡುವೆ ನಾಲ್ಕು ಸಾಲು ಇತ್ತು. ಭುವನೇಶ್ವರಿ.

ಅವನು ಹಾಳೆಯ ಮೇಲೆ ಬೆರಳಿಟ್ಟುಕೊಂಡು ಎಲ್ಲವನ್ನೂ ಹೇಳಿದ. ನಾಗರತ್ನಾ ಚಹಾ ಅವನ ಮುಂದಿಟ್ಟು ಕೇಳಿದಳು.

"ಆ ಹುಡುಗಿಗಿ ನೀವಂತ ಮಾಲೂಮ್ ಅದ ಏನು?"

"ಇಲ್ಲ."

"ಮತ್ತ ಬಿಡ್ರಿ. ಎಂಟು ವರ್ಷ ಆತು. ಈಗ ಹೇಳಿದ್ರ ಹೋದಾಕಿ ಬರ್ತಾಳ? ಆ ಹುಡುಗಿ ಪ್ರಿನ್ಸಿಪಾಲರ ಮುಂದ ಹೋಗಿ ನಿಂತ್ರ, ಬರೋ ವರ್ಷ ನಿಮ್ಮನ್ನ ಕರೀತಾರೇನು?"

ಅವಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವನು ಪುಸ್ತಕ ಮುಚ್ಚಿಟ್ಟ. ಒಂದು ವಾರ ಹಾಗೇ ಹೋಯಿತು. ತರಗತಿಯಲ್ಲಿ ಕೊನೆಯ ಬೆಂಚಿನ ಕಡೆ ನೋಡದೆ ಪಾಠ ಮಾಡಿದ. ಪತ್ರಿಕೆಗಳ ಇತಿಹಾಸ ಹೇಳಿದ, ಮುದ್ರಣ ಯಂತ್ರದ ಕಥೆ ಹೇಳಿದ. ಎರಡನೆಯ ವಾರ ಸುದ್ದಿ ಬರವಣಿಗೆಗೆ ಬರಲೇಬೇಕಾಯಿತು. ಬೋರ್ಡಿನ ಮೇಲೆ ಬರೆದ: ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಈ ಆರು ಪ್ರಶ್ನೆಗೆ ಉತ್ತರ ಸಿಕ್ಕರೆ ಸುದ್ದಿ ಮುಗಿಯಿತು ಎಂದ.

ಸುಕನ್ಯಾ ಕೈ ಎತ್ತಿದಳು. "ಸರ್, ಯಾಕ ಅಂತ ಗೊತ್ತಾಗದಿದ್ರ ಏನು ಬರೀಬೇಕ್ರಿ?"

"ಗೊತ್ತಾಗಿಲ್ಲ ಅಂತ ಬರೀಬೇಕು."

"ಹಂಗ ಬರದ್ರ ಛಾಪಿಸ್ತಾರೇನ್ರಿ?"

ಅವಳು ಚುಚ್ಚಲು ಕೇಳಿರಲಿಲ್ಲ. ಪೆನ್ನು ಹಿಡಿದು ಉತ್ತರ ಬರೆದುಕೊಳ್ಳಲು ಕಾಯುತ್ತಿದ್ದಳು. ವಿಶ್ವರಾಧ್ಯ ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸತೊಡಗಿದ. ಪೂರ್ತಿ ಒರೆಸಿಯಾದ ಮೇಲೂ ಒರೆಸುತ್ತಲೇ ಇದ್ದ. ಗಂಟೆ ಹೊಡೆಯಿತು.

ಎಲ್ಲರೂ ಹೋಗುವಾಗ ಅವಳನ್ನು ನಿಲ್ಲಿಸಿದ. ಸಾಬೇರಾ ಬಾಗಿಲ ಬಳಿ ಗೆಳತಿಗಾಗಿ ಕಾಯುತ್ತಿದ್ದಳು. "ನೀ ನಡಿ ಯವ್ವಾ, ಬರ್ತಾಳ" ಎಂದು ಅವಳನ್ನು ಕಳಿಸಿದ. ಹೇಳಬೇಕಾದ ಮಾತನ್ನು ಬಸ್ಸಿನಲ್ಲಿ ಎಷ್ಟೋ ರೀತಿ ಜೋಡಿಸಿಕೊಂಡಿದ್ದ.

"ಅದು ನಾ ಬರದದ್ದು, ತಂಗಿ. ನಿಮ್ಮ ಅಕ್ಕನ ಸುದ್ದಿ."

ಸುಕನ್ಯಾ ಚೀಲದ ಹಗ್ಗವನ್ನು ಹೆಗಲ ಮೇಲೆ ಸರಿ ಮಾಡಿಕೊಂಡಳು. ಮತ್ತೆ ಇಳಿಸಿ ಬೆಂಚಿನ ಮೇಲಿಟ್ಟಳು.

"ಜಗಳ ಆಗಿತ್ತಂತ ನಿಮಗ ಯಾರು ಹೇಳಿದ್ರಿ?"

"ಯಾರೂ ಹೇಳಲಿಲ್ಲ. ಒಬ್ಬ ಫೋನ್ ಮಾಡಿದ್ದ. ಹೆಸರು ಹೇಳಿದ; ಹತ್ತೊಂಬತ್ತು ವರ್ಷದ ಹುಡುಗಿ, ಮದುವಿ ಆಗಿ ನಾಕು ತಿಂಗಳಾಗಿತ್ತು, ಕಾಲುವ್ಯಾಗ ಬಿದ್ದಾಳ, ಹೆಣ ಮ್ಯಾಲ ತಗದಾರ ಅಂದ. ಅವತ್ತು ಇನ್ನೂ ಎರಡು ಸುದ್ದಿ ಕಳಿಸೋದಿತ್ತು. ಹೊತ್ತಾಗಿತ್ತು. ಉಳಿದದ್ದು ನಾನ ಬರದೆ."

"ಬಿದ್ದಾಳ ಅಂದಿದ್ನೇನ್ರಿ ಅವ?"

"ಹೂಂ. ಬಿದ್ದಾಳ ಅಂತನ ಅಂದಿದ್ದ."

ಅವಳು ತಲೆ ತಗ್ಗಿಸಿದಳು. ಅಳುತ್ತಿದ್ದಾಳೇನೋ ಎಂದುಕೊಂಡ. ತಲೆ ಎತ್ತಿದಾಗ ಕಣ್ಣು ಒಣಗಿಯೇ ಇದ್ದವು.

"ಪ್ರಿನ್ಸಿಪಾಲರಿಗಿ ಹೇಳೋದಿದ್ರ ಹೇಳು" ಎಂದ. "ನಾ ಇಲ್ಲ ಅನ್ನಂಗಿಲ್ಲ."

"ಅವ್ರಿಗಿ ಹೇಳಿ ಏನು ಮಾಡ್ಲಿರಿ? ನಮ್ಮ ಅವ್ವಗ ಹೇಳ್ತೀರೇನ್ರಿ?"

ಭಾನುವಾರ ಮಧ್ಯಾಹ್ನ ಅವನು ಶಹಾಪುರದಿಂದ ಭೀಮರಾಯನಗುಡಿ ಕ್ಯಾಂಪಿನವರೆಗೆ ಬಸ್ಸಿನಲ್ಲಿ ಹೋದ. ಹಿಂದಿನ ದಿನವೇ ಊರಿಗೆ ಬಂದಿದ್ದ ಸುಕನ್ಯಾ ನಿಲ್ದಾಣದಲ್ಲಿ ಕಾಯುತ್ತಿದ್ದಳು. ಇಬ್ಬರೂ ಟಂಟಂ ಆಟೋ ಹತ್ತಿದರು. ಅವಳು ಹೊರಗೆ ನೋಡುತ್ತ, ಟಂಟಂನ ಸದ್ದಿನ ನಡುವೆ, ಬಿಟ್ಟು ಬಿಟ್ಟು ಹೇಳಿದಳು. ಅಪ್ಪ ದುಡಿಯಲು ಪುಣೆಗೆ ಹೋಗಿ ವರ್ಷಕ್ಕೊಮ್ಮೆ ಬರುತ್ತಾನೆ. ಅಕ್ಕ ಪಂಚಮಿಗೆಂದು ತವರಿಗೆ ಬಂದಿದ್ದಳು; ಪೇಪರಿನ ಸುದ್ದಿ ನೋಡಿ ಪೊಲೀಸರು ಸುರಪುರದಲ್ಲಿ ಅವಳ ಗಂಡನನ್ನು ಎರಡು ದಿನ ಠಾಣೆಗೆ ಕರೆದೊಯ್ದು ಕೂರಿಸಿದ್ದರು. ಆಮೇಲೆ ಗಂಡನ ಮನೆಯವರು ಅಕ್ಕನ ಸೀರೆಗಳನ್ನೆಲ್ಲ ಒಂದು ಗಂಟು ಕಟ್ಟಿ ಕಳಿಸಿಬಿಟ್ಟರು.

"ಅದೆಲ್ಲ ಹೋಗ್ಲಿರಿ. ನಮ್ಮ ಅವ್ವ ನನ್ನ ನಂಬಲಿಲ್ಲ. ಪೇಪರ್‌ನಾಗ ಬಂದದ, ಅದು ಸುಳ್ಳಾ, ನೀನ ಏನೋ ಮುಚ್ಚಿಡಾಕತ್ತೀದಿ ಅಂತಾಳ. ಅಕ್ಕ ಏನು ಹೇಳಿ ಹಾರಿದ್ಲು, ಹೇಳು, ಹೇಳು ಅಂತ ಕೇಳಿ ಕೇಳಿ ಬಿಟ್ಲು. ಈಗ ಕೇಳಂಗೇ ಇಲ್ರಿ."

ಮನೆ ಊರ ಅಂಚಿನಲ್ಲಿತ್ತು. ಮುಂದಿನ ಕಟ್ಟೆಯ ಮೇಲೆ ಅವಳ ತಾಯಿ ರೇಣಮ್ಮ ಕಾಲು ಚಾಚಿ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂಲಿಯ ಕೆಲಸದಿಂದ ಕಪ್ಪಿಟ್ಟ, ಐವತ್ತರ ಆಸುಪಾಸಿನ ಹೆಂಗಸು. ಮಗಳು "ನಮ್ಮ ಕಾಲೇಜಿನ ಸರ್" ಎಂದ ಕೂಡಲೇ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ಬರ್ರಿ ಮಾಸ್ತರ್ರ, ಕುಂದರ್ರಿ. ಇಕಿ ಏನರ ತಪ್ಪು ಮಾಡ್ಯಾಳೇನ್ರಿ?"

"ಇಲ್ಲವ್ವಾ. ತಪ್ಪು ಮಾಡಿದಾವ ನಾ."

ಅವನು ಕಟ್ಟೆಯ ಇನ್ನೊಂದು ತುದಿಯಲ್ಲಿ ಕುಳಿತು ಹೇಳಿದ. ಮುಚ್ಚಿಡದೆ, ಉದ್ದ ಮಾಡದೆ. ಫೋನಿನಲ್ಲಿ ಬಂದ ಮಾತು ಎಷ್ಟು, ತಾನು ಸೇರಿಸಿದ್ದು ಎಷ್ಟು. ಜಗಳ ಎಂಬುದನ್ನು ಯಾರೂ ಹೇಳಿರಲಿಲ್ಲ. ಹಾರಿದಳು ಎಂದೂ ಯಾರೂ ಹೇಳಿರಲಿಲ್ಲ. ಹೆಸರು ಸರಿಯಾಗಿ ಕೇಳಿಸಿರಲಿಲ್ಲ, ಮತ್ತೆ ಕೇಳಲಿಲ್ಲ. ಊರಿಗೆ ಬರಲಿಲ್ಲ.

ರೇಣಮ್ಮನ ಬೆರಳು ಜೋಳದಲ್ಲಿ ಹರಳು ಹುಡುಕುತ್ತಲೇ ಇದ್ದವು. ಹೇಳಿ ಮುಗಿದ ಮೇಲೆ ಕೇಳಿದಳು, "ಮತ್ತ ಹಂಗ್ಯಾಕ ಬರದ್ರಿ?"

"ಹಂಗ ಬರದು ರೂಢಿ ಆಗಿತ್ತವ್ವಾ. ಮದುವಿಯಾದ ಹುಡುಗಿ, ನೀರು ಅಂದ ಕೂಡ್ಲೆ ಕೈ ಅದನ್ನ ಬರೀತಿತ್ತು."

"ಪೇಪರ್‌ನಾಗ ಬರಿಯೋರು ಕಲ್ತವರು. ಇಕಿ ಹನ್ನೊಂದು ವರ್ಷದ ಹುಡುಗಿ. ನಾ ಯಾರ ಮಾತು ನಂಬಬೇಕಾಗಿತ್ತು, ನೀವ ಹೇಳ್ರಿ." ದನಿ ಏರಲಿಲ್ಲ. ನಿಜಕ್ಕೂ ಉತ್ತರ ಬೇಕಾದವಳಂತೆ ಅವನನ್ನೇ ನೋಡಿದಳು. ಅವನು ಕೈ ಮುಗಿಯಲು ಹೋದ. ಅದೂ ಸಣ್ಣದೆನ್ನಿಸಿ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡ.

"ಇಕಿ ಮಾತು ನಂಬಬೇಕಾಗಿತ್ತವ್ವಾ."

ಸುಕನ್ಯಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ರೇಣಮ್ಮ ಅವಳ ಕಡೆ ತಿರುಗಿದಳು. ತನ್ನ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿ, "ಬಾ, ಕೂಡು ಇಲ್ಲಿ. ಹೆಂಗಾತು ಹೇಳು" ಎಂದಳು.

ಸುಕನ್ಯಾ ಕುಳಿತಳು.

"ಪಂಚಮಿಗಿ ಹಾಸೋ ಹೊದಿಯೋ ಕೌದಿ ಒಗೀಬೇಕಂತ ನೀನ ಕಳಿಸಿದ್ದೆಲ್ಲವ್ವಾ. ಮೂರು ಒಗದಾಗಿತ್ತು. ದೊಡ್ಡ ಕೌದಿ ನೀರು ಕುಡದು ಭಾರ ಆಗಿತ್ತು. ಆಕಿ ಕೆಳಗಿನ ಮೆಟ್ಟಲ ಮ್ಯಾಲ ನಿಂತು ಒಂದು ತುದಿ ಹಿಡಿದಿದ್ಲು, ಮ್ಯಾಲ ನಿಂತು ನಾ ಒಂದು ತುದಿ. ಹಿಂಡಾಕತ್ತಿದ್ವಿ. ಆಕಿ ಕಾಲು ಸರೀತು. ಕೌದಿ ಬಿಡಲಿಲ್ಲ ಆಕಿ. ನಾನೂ ಬಿಡಲಿಲ್ಲ. ಮೂರು ಮೆಟ್ಟಲ ನಾನೂ ಎಳಕೊಂಡು ಇಳದೆ." ಅವಳು ಎರಡೂ ಮುಷ್ಟಿ ಬಿಗಿದು ತೋರಿಸಿದಳು. "ಆಗ ನನ್ನ ಮಾರಿ ನೋಡಿ, ಬಿಡು, ಬಿಡು ಅಂದ್ಲು. ಎರಡು ಸಲ ಅಂದ್ಲು. ನಾ ಬಿಟ್ಟೆ."

ಬಿಗಿದ ಮುಷ್ಟಿ ಬಿಚ್ಚಲಿಲ್ಲ. "ಆಕಿ ಏನು ಹೇಳಿದ್ಲು ಅಂತ ಕೇಳ್ತಿದ್ದೆಲ್ಲ. ಅದ ಹೇಳಿದ್ದು. ಬಿಟ್ಟೆ ಅಂತ ಹೇಳಾಕ ಅಂಜಿಕಿ ಆತು."

ರೇಣಮ್ಮ ಮಗಳ ಮುಷ್ಟಿಯನ್ನು ತನ್ನ ಕೈಗೆ ತೆಗೆದುಕೊಂಡು, ಒಂದೊಂದೇ ಬೆರಳನ್ನು ಬಿಡಿಸಲು ಶುರು ಮಾಡಿದಳು. ರಸ್ತೆಯಲ್ಲಿ ಶಹಾಪುರದ ಕಡೆಯ ಟಂಟಂ ಬಂದು ನಿಂತು, ಎರಡು ಸಲ ಹಾರ್ನ್ ಹೊಡೆದು, ಯಾರೂ ಏಳದ್ದು ಕಂಡು ಮುಂದೆ ಹೋಯಿತು. ತೊಡೆಯ ಮೇಲಿನ ಮೊರ ವಾಲಿ, ಹಸನಾದ ಜೋಳ ಕಟ್ಟೆಯಿಂದ ನೆಲಕ್ಕೆ ಸಣ್ಣಗೆ ಸುರಿಯುತ್ತಿತ್ತು. ಹಿತ್ತಲಿನ ಕೋಳಿಗಳು ಒಂದೊಂದಾಗಿ ಬಂದು ಹೆಕ್ಕತೊಡಗಿದವು. ಮೂವರಲ್ಲಿ ಯಾರೂ ಅವನ್ನು ಓಡಿಸಲಿಲ್ಲ.