ಹೆಸರಿಲ್ಲದ ಎರಡು ಬಟನ್‌ಗಳು

ಆಫೀಸಿನಲ್ಲಿ ಎಲ್ಲರೂ ಅವಳನ್ನು ಪತ್ತೇದಾರಿ ಎಂದೇ ಕರೆಯುತ್ತಿದ್ದರು. ಅವಳ ಕೆಲಸ ವೆಬ್‌ಸೈಟ್‌ಗಳನ್ನು ಪರೀಕ್ಷಿಸುವುದು. ಅದೂ ಕೈಯಿಂದಲ್ಲ, ಪ್ರೋಗ್ರಾಮ್ ಬರೆದು. ಆ ಪ್ರೋಗ್ರಾಮ್ ಮನುಷ್ಯರ ಹಾಗೆಯೇ ಪುಟ ತೆರೆದು, ಬಟನ್ ಒತ್ತಿ, ಆಗಬೇಕಾದದ್ದು ಆಯಿತೇ ಎಂದು ನೋಡುತ್ತದೆ. ಯಾವ ಬಟನ್ ಒತ್ತಬೇಕೆಂದು ಅದಕ್ಕೆ ಯಾರಾದರೂ ಹೇಳಿಕೊಡಬೇಕಲ್ಲ, ತಲೆನೋವು ಇರುವುದೇ ಅಲ್ಲಿ.

ಆಸ್ಪತ್ರೆಯೊಂದರ ಬುಕಿಂಗ್ ಪುಟವಂತೂ ಅವಳ ತಲೆ ತಿಂದಿತ್ತು. ಪ್ರತಿ ಸಾಲಿನಲ್ಲೂ ಎರಡು ಬಟನ್: ಸಮಯ ಬದಲಿಸಲು ಪೆನ್ಸಿಲ್ ಚಿತ್ರ, ರದ್ದು ಮಾಡಲು ಇಂಟು ಮಾರ್ಕು. ಚಿತ್ರ ಬಿಟ್ಟರೆ ಹೆಸರಿಲ್ಲ, ದೆಸೆಯಿಲ್ಲ; ಕೋಡಿನೊಳಗೆ ಇಣುಕಿದರೆ ಎರಡೂ ಒಂದೇ ಬಟ್ಟೆ ತೊಟ್ಟ ಅವಳಿಗಳು. ಇವಳೇನು ಕಮ್ಮಿಯೇ? ‘ಸಾಲಿನ ಮೊದಲನೆಯದು ಬದಲಾವಣೆ, ಎರಡನೆಯದು ರದ್ದು’ ಎಂದು ಜಾಗ ಎಣಿಸಿ ಬರೆದಳು. ಪರೀಕ್ಷೆಗಳೆಲ್ಲ ಪಾಸಾಗಿ ಹಸಿರಾದವು. ಮ್ಯಾನೇಜರು ಬೆನ್ನು ತಟ್ಟಿದರು. ಅವಳೂ ಸ್ವಲ್ಪ ಉಬ್ಬಿದಳು, ಸುಳ್ಳೇಕೆ.

ಮನೆಯಲ್ಲಿ ಅಕ್ಕನ ಕಣ್ಣು ಮಂಜಾಗುತ್ತ ಬಂದಿತ್ತು. ಪರದೆಯ ಮೇಲಿದ್ದುದನ್ನು ಮೊಬೈಲ್ ಗಟ್ಟಿಯಾಗಿ ಓದುತ್ತಿತ್ತು. ಅದನ್ನು ಕೇಳಿಕೊಂಡು ಅಕ್ಕ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತಿದ್ದಳು. ಅದರಲ್ಲಿ ಅವಳಿಗೆ ಭಾರೀ ಹಟ. ಆದರೆ ಕಣ್ಣಿನ ಡಾಕ್ಟರ ಭೇಟಿಯನ್ನು ಮಧ್ಯಾಹ್ನಕ್ಕೆ ಬದಲಿಸಲು ಹೋಗಿ ರದ್ದೇ ಮಾಡಿಬಿಟ್ಟಳು. ಇನ್ನು ಸಮಯ ಸಿಗುವುದು ತಿಂಗಳುಗಟ್ಟಲೆ ಆದ ಮೇಲೆ. ಅಷ್ಟರಲ್ಲಿ ಉಳಿದ ದೃಷ್ಟಿಯ ಗತಿ ಏನೋ.

“ಇನ್ಮೇಲೆ ಇದನ್ನೆಲ್ಲ ನೀನೇ ನೋಡ್ಕೊಳ್ಳೇ,” ಎಂದು ಅಕ್ಕ ಮೊಬೈಲನ್ನು ತಂಗಿಯ ಮಡಿಲಿಗೆ ಹಾಕಿದಳು. “ಕಣ್ಣಿನ ಜೊತೆ ತಲೇನೂ ಹೋಗ್ತಿದೆ ಅನ್ಸುತ್ತೆ.”

ಪುಟ ತೆರೆದ ಕೂಡಲೇ ತಂಗಿಗೆ ಗುರುತು ಸಿಕ್ಕಿತು, ತಾನೇ ಪರೀಕ್ಷಿಸಿದ್ದ ಪುಟ. ಬೆರಳಾಡಿಸಿದಳು. “ಬಟನ್,” ಎಂದಿತು ಮೊಬೈಲ್. ಪಕ್ಕಕ್ಕೆ ಸರಿಸಿದಳು. “ಬಟನ್,” ಎಂದಿತು ಮತ್ತೆ. ಇದೇ ತೊಡಕು ಅವಳ ಪ್ರೋಗ್ರಾಮಿಗೂ ಬಂದಿತ್ತು. ಹೆಸರಿಡಿ ಎಂದು ಕೇಳುವ ಬದಲು ಅವಳು ಸಂದಿಯಲ್ಲಿ ನುಸುಳಿ ದಾಟಿದ್ದಳು.

ಮಾರನೆಯ ದಿನ ಜಾಗ ಎಣಿಸುವ ಸಾಲುಗಳನ್ನೆಲ್ಲ ಅಳಿಸಿ, ಬಟನ್‌ಗಳನ್ನು ಹೆಸರಿನಿಂದಲೇ ಹುಡುಕು ಎಂದು ಬರೆದಳು. ಹೆಸರೇ ಇಲ್ಲವಲ್ಲ, ಪರೀಕ್ಷೆಗಳೆಲ್ಲ ಕೆಂಪಾದವು. ಆ ಪುಟದ ಕೋಡ್ ಬರೆದವನು ಓಡಿಬಂದ.

“ನಿನ್ನೆವರೆಗೂ ಸರಿಯಿತ್ತಲ್ಲ ಮೇಡಂ. ಏನು ಹಾಳು ಮಾಡಿದ್ರಿ?”

“ನಿನ್ನೆವರೆಗೂ ಹಾಳೇ ಆಗಿತ್ತು. ಇವತ್ತು ಕಾಣ್ತಿದೆ, ಅಷ್ಟೇ.”

ಮ್ಯಾನೇಜರು ಮುಖ ಸಿಂಡರಿಸಿದರು. ಅವಳು ಜಗ್ಗಲಿಲ್ಲ. ಕೊನೆಗೆ ಅವನು ಗೊಣಗುತ್ತಲೇ ಕೂತು ಬಟನ್‌ಗಳಿಗೆ ಹೆಸರಿಟ್ಟ. ಕಾಫಿ ಆರುವಷ್ಟರಲ್ಲಿ ಮುಗಿದ ಕೆಲಸ. ಅದನ್ನು ನೋಡಿ ಅವಳಿಗೆ ನಾಚಿಕೆಯಾಯಿತು.

ಆಸ್ಪತ್ರೆಯವರು ಮಾತ್ರ ಹೋದ ಭೇಟಿಯನ್ನು ಮರಳಿಸಲಿಲ್ಲ. ಯಾರಾದರೂ ತಮ್ಮ ಸಮಯ ಬಿಟ್ಟುಕೊಟ್ಟರೆ ಕರೆಯುತ್ತೇವೆ ಎಂದರು. ಸಂಜೆ ಅವಳು ಅಕ್ಕನಿಗೆ ಒಂದೂ ಬಿಡದೆ ಹೇಳಿದಳು.

“ತಪ್ಪು ನಿಂದಲ್ಲ ಅಕ್ಕ. ಎರಡಕ್ಕೂ ಹೆಸರೇ ಇರಲಿಲ್ಲ. ಆ ಪುಟ ಸರಿಯಿದೆ ಅಂತ ಒಪ್ಪಿಗೆ ಕೊಟ್ಟಿದ್ದು ನಾನೇ.”

ತಂಗಿ ಬೈಗುಳಕ್ಕೆ ಕಾದು ಕೂತಳು.

“ಹಾಗಾದ್ರೆ ನನ್ನ ತಲೆ ಸರಿಯಾಗೇ ಇದೆ,” ಎಂದಳು ಅಕ್ಕ.

ಡಾಕ್ಟರು ಕಣ್ಣಿನ ವಿಷಯ ಹೇಳಿದ ದಿನವೂ ಅಳದಿದ್ದವಳು, ತಂಗಿಯ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು.