ಮೂರಡಿ ಕುಣಿ

“ಮೂರಡಿ ಕುಣ್ಯಾಗ ಮನಷ್ಯಾ ಸಾಯ್ತಾನೇನಬೇ? ನಾಯಿನೂ ಸಾಯಂಗಿಲ್ಲ. ಕುಡ್ದು ಬಿದ್ದಾನ ನಿನ್ನ ಗಂಡ, ಸೂಳಿಮಗ.”

ಗುತ್ತಿಗೆದಾರ ಶಿವಾನಂದ ಹೀಗೆ ಹೇಳಿದ್ದು ಕೃಷ್ಣಾಬಾಯಿಗೆ, ಅವಳು ಗಂಡ ಸೂಗಪ್ಪನನ್ನು ಮಣ್ಣು ಮಾಡಿ ಬಂದ ಮರುದಿನ. ಬಳೆ ಒಡೆದಾಗ ಕೈಗಾದ ಗಾಯ ಇನ್ನೂ ಹಸಿಯಾಗಿತ್ತು. ಮಾತು ಮುಗಿಸಿದವನು ಬಾಯಲ್ಲಿದ್ದ ಗುಟ್ಕಾವನ್ನು ಅವಳ ಕಾಲ ಬಳಿಯೇ ಉಗುಳಿದ.

ತೆಲುಗು ಸೀಮೆಯ ರಾಜಧಾನಿಯ ಅಂಚಿನ ಮಾದಾಪುರದಲ್ಲಿ ಬಂಡೆ ಒಡೆದಲ್ಲೆಲ್ಲ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಂಥದೊಂದು ಕಂಪ್ಯೂಟರ್ ಕಂಪನಿಯ ಪಾಯಖಾನೆಗಳ ಹೊಲಸು ಹರಿದುಹೋಗಲು ಪೈಪು ಹೂಳಬೇಕಿತ್ತು. ಬೀದರ್ ಕಡೆಯ ಶಿವಾನಂದ ಮೆಹದಿಪಟ್ಟಣಂ ಅಡ್ಡಾದಲ್ಲಿ ಕೂಲಿಗೆ ನಿಂತಿದ್ದ ಯಾದಗಿರಿ ಮಂದಿಯನ್ನು “ನಮ್ಮೋರು, ನಮ್ಮೋರು” ಎನ್ನುತ್ತ ಲಾರಿಗೆ ತುಂಬಿಕೊಂಡು ಬಂದಿದ್ದ. ಆ ಪ್ರೀತಿ ಲಾರಿ ಇಳಿಯುವವರೆಗೆ ಇತ್ತು.

ಕೆಲಸ ಹಿಡಿದ ದಿನ ಅವನೇ ಕೆಂಪು ಬಿಳಿ ಪಟ್ಟೆಯ ಅಳತೆಕೋಲು ಎತ್ತಿ ತೋರಿಸಿದ್ದ. “ಮೂರು ಮೀಟರ್ ಆಳ ಇರಬೇಕು. ಬೆರಳಷ್ಟು ಕಮ್ಮಿ ಆದ್ರೂ ಮತ್ತ ಇಳಸ್ತೀನಿ ಮಕ್ಳ.”

ಸೂಗಪ್ಪ ಊರಲ್ಲಿ ಬಾವಿ ತೋಡಿದವನು. ಅವನ ಲೆಕ್ಕವೆಲ್ಲ ಅಡಿಯಲ್ಲಿ, ಆಳುದ್ದದಲ್ಲಿ. ಮೀಟರ್ ಎಂದರೆ ಮೂರಡಿಗೂ ಒಂದಿಷ್ಟು ಹೆಚ್ಚು ಎಂದು ಬೆರಳು ಮಡಚಿ, ಹೆಂಡತಿಗೆ ಹೇಳಿದ್ದ: “ಹತ್ತಡಿಗೆ ಎರಡ ಇಂಚ ಕಮ್ಮಿ ಆತು. ನನ್ನ ಹೆಗಲ ಮ್ಯಾಲ ನೀ ನಿಂತ್ರೂ ನಿನಗ ಹೊರಗಿನ ಗಾಳಿ ಬಡ್ಯಂಗಿಲ್ಲ.” ಆಗ ಅವಳು ನಕ್ಕಿದ್ದಳು.

ಅಷ್ಟು ಆಳಕ್ಕೆ ಎರಡೂ ಬದಿಗೆ ಹಲಗೆ ನಿಲ್ಲಿಸಿ ಮಣ್ಣು ತಡೆಯಬೇಕು. ಕೇಳಿದರೆ “ಹಲಗಿ ನಿಮ್ಮಪ್ಪ ಕೊಡ್ತಾನೇನಲೇ” ಎಂದು ಶಿವಾನಂದ ಬಾಯಿ ಮುಚ್ಚಿಸಿದ. ಇದ್ದದ್ದು ಒಂದೇ ನಿಚ್ಚಣಿಕೆ. ಬಾವಿ ತೋಡುವ ಈ ಮಂದಿಯಲ್ಲಿ ಒಂದು ಕಟ್ಟಳೆಯುಂಟು: ಒಳಗೆ ಮನುಷ್ಯನಿರುವಾಗ ನಿಚ್ಚಣಿಕೆಗೆ ಯಾರೂ ಕೈ ಹಚ್ಚುವಂತಿಲ್ಲ. ಇಳಿದವನ ಹೆಂಡತಿಯೋ ತಾಯಿಯೋ ಅದರ ತುದಿಗೆ ಕಾಲು ಒತ್ತಿ ನಿಂತಿರಬೇಕು, ಅವನು ಮೇಲೆ ಬರುವ ತನಕ.

ಬುಧವಾರ ಕೃಷ್ಣಾಬಾಯಿ ಹಾಗೆಯೇ ನಿಂತಿದ್ದಳು. ಆಚೆ ಕುಣಿಗೆ ನಿಚ್ಚಣಿಕೆ ಬೇಕೆಂದು ಶಿವಾನಂದ ಬಂದ. ಅವಳು ಬಿಡಲಿಲ್ಲ. ಬೂಟುಗಾಲಿನಿಂದ ಅವಳ ಕಾಲನ್ನು ಒದ್ದು ಸರಿಸಿ, ನಿಚ್ಚಣಿಕೆ ಎಳೆಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸೂಗಪ್ಪ ಕೂಗಿದ: “ಮಣ್ಣ ಉದರಾಕತ್ತೈತಿ, ನಿಚ್ಚಣಕಿ ಬಿಡ.” ಅವಳು ಸೀರೆಯ ಸೆರಗು ಬಿಚ್ಚಿ ಇಳಿಬಿಟ್ಟಳು. ಅದು ಅವನ ಕೈಗೆ ಎಟುಕುವ ಮೊದಲೇ ಗೋಡೆ ಕುಸಿಯಿತು. ಹೆಣ ತೆಗೆಯಲು ಮಂದಿ ಆ ಮಣ್ಣನ್ನೆಲ್ಲ ಎತ್ತಿ ಕುಣಿಯನ್ನು ಮತ್ತೆ ತಳದ ತನಕ ತೆರೆದರು.

ಈಗ, ಮಣ್ಣು ಮಾಡಿದ ಮರುದಿನವೇ, ಸಾವಿನ ತನಿಖೆಗೆ ಸರಕಾರಿ ಸಾಹೇಬರು ಬಂದಿದ್ದರು. ಕಾರು ಬೇವಿನ ಮರದ ನೆರಳಿನಲ್ಲಿ ನಿಂತಿತ್ತು. ಬೂಟಿಗೆ ಕೆಂಪುಮಣ್ಣು ಹತ್ತೀತೆಂದು ಸಾಹೇಬರು ಕೆಳಗಿಳಿಯಲಿಲ್ಲ. ಒಂದು ಕೈಯಲ್ಲಿ ಎಳನೀರು ಹಿಡಿದು ಕುಣಿಯ ಆಳ ಕೇಳಿದರು: “ಕಿತ್ನಾ ಗೆಹರಾ?”

“ತೀನ್ ಫೀಟ್, ಸಾಬ್,” ಎಂದ ಶಿವಾನಂದ.

ಎಂಥ ಸಲೀಸು ಕೆಲಸ! ಮೂರು ಮೂರಾಗಿಯೇ ಉಳಿಯಿತು, ಮೀಟರ್ ಹೋಗಿ ಅಡಿ ಬಂತು. ಸೊಂಟದುದ್ದದ ಕುಣಿಗೆ ಹಲಗೆಯ ಹಂಗಿಲ್ಲ, ನಿಚ್ಚಣಿಕೆಯ ಮಾತಿಲ್ಲ, ಯಾರ ತಪ್ಪೂ ಇಲ್ಲ. ಅಂಥದರಲ್ಲಿ ಸತ್ತವನು ಕುಡುಕನೇ ಆಗಿರಬೇಕು. ಸೂಗಪ್ಪ ಕುಡಿಯುತ್ತಲೇ ಇರಲಿಲ್ಲ ಎಂದಲ್ಲ. ಆದಿತ್ಯವಾರ ಕುಡಿಯುತ್ತಿದ್ದ, ಕುಡಿದು ಹಾಡುತ್ತಿದ್ದ. ಸತ್ತದ್ದು ಬುಧವಾರ, ಹಗಲು, ಗುದ್ದಲಿ ಹಿಡಿದು.

ಕೃಷ್ಣಾಬಾಯಿ ಕಾರಿನ ಕಿಟಕಿಗೆ ಕೈಯಿಟ್ಟಳು. “ಸುಳ್ಳ ಹೇಳಾಕತ್ತಾನ್ರಿ ಸಾಹೇಬ್ರ. ಮೂರು ಮೀಟರ್ ಐತಿ. ಇಳ್ದು ನೋಡ್ರಿ, ಕುಣಿ ಅಲ್ಲೇ ಐತಿ, ಎಲ್ಲೂ ಓಡಿ ಹೋಗಿಲ್ಲ.”

“ಇಸ್ಕೋ ಹಟಾವ್,” ಎಂದರು ಸಾಹೇಬರು. ಗಾಜು ಅವಳ ಬೆರಳನ್ನು ತಳ್ಳಿಕೊಂಡೇ ಮೇಲೇರಿತು. ಶಿವಾನಂದ ಅವಳ ಜುಟ್ಟು ಹಿಡಿದು ಕುಣಿಯ ಅಂಚಿನ ತನಕ ಎಳೆದು ತಂದು ನೆಲಕ್ಕೆ ನೂಕಿದ. ಮಂದಿಯೆಲ್ಲ ನೋಡುತ್ತ ನಿಂತರು. ಅವಳಿಗೆ ಅಳು ಬರಲಿಲ್ಲ. ಮೀಟರ್ ಎಂಬ ಆ ಒಂದು ಮಾತು ಇವನ ಬಾಯಿಂದಲೇ ಬರಬೇಕು ಎಂದಷ್ಟೇ ಅನ್ನಿಸಿತು. ಅಲ್ಲಿಯ ತನಕ ಸೂಗಪ್ಪ ಕುಡುಕ, ಅವನ ಮಕ್ಕಳು ಕುಡುಕನ ಮಕ್ಕಳು.

“ಇಳೀರಿ ಇನ್ನ. ಸಂಜಿಗೆ ಪೈಪ್ ಕೂಡಬೇಕು,” ಎಂದು ಶಿವಾನಂದ ಗದರಿದ.

ಯಾರೂ ಕದಲಲಿಲ್ಲ. ಜೊತೆಯ ಕೂಲಿ ಪಾರ್ವತಿಬಾಯಿ ನೆಲ ನೋಡುತ್ತ, “ಈ ಕಡೀನೂ ಗ್ವಾಡಿ ಬಿರುಕು ಬಿಟ್ಟೈತ್ರಿ,” ಎಂದಳು.

“ಹಾದರಗಿತ್ತ್ಯಾರಿಗೆ ಹೆದರಿಕಿ ಬ್ಯಾರೆ ಕೇಡು. ತರ್ರಿ ನಿಚ್ಚಣಕಿ. ನಾನ ಇಳೀತೀನಿ, ನೋಡ್ರಿ ಏನ್ ಆಕ್ಕೈತಿ.”

ಸಾಹೇಬರ ಕಾರು ಇನ್ನೂ ಅಲ್ಲೇ ಇತ್ತು. ಅವರ ಎದುರು ಕೆಲಸ ನಿಂತರೆ ಮರ್ಯಾದೆ ಹೋಗುತ್ತದೆ ಎಂಬ ಉರಿ ಅವನಿಗೆ. ಮೂರಡಿಯ ಕುಣಿಗೆ ನಿಚ್ಚಣಿಕೆ ಹಚ್ಚಿಸಿಕೊಂಡು ಇಳಿದ. ಇಳಿಯುತ್ತ ತಲೆಯೆತ್ತಿದರೆ ನಿಚ್ಚಣಿಕೆಯ ತುದಿಗೆ ಕೃಷ್ಣಾಬಾಯಿಯ ಬರಿಗಾಲು.

“ಹಾಂ, ಹಂಗ ಒತ್ತಿ ಹಿಡಿ,” ಎಂದು ಹಲ್ಲು ಕಿಸಿದ.

ಅವನ ಬೂಟು ತಳ ಮುಟ್ಟಿತು. ಕೃಷ್ಣಾಬಾಯಿ ಕಾಲು ತೆಗೆದು ಬಗ್ಗಿ ನಿಚ್ಚಣಿಕೆ ಎಳೆಯತೊಡಗಿದಳು. ಒಬ್ಬಳಿಂದ ಆಗಲಿಲ್ಲ. ಪಾರ್ವತಿಬಾಯಿ ಒಮ್ಮೆ ಕಾರಿನ ಕಡೆ, ಒಮ್ಮೆ ಇವಳ ಮುಖ ನೋಡಿದಳು. ಆಮೇಲೆ ಸೆರಗು ಬಿಗಿದು ನಿಚ್ಚಣಿಕೆಯ ಇನ್ನೊಂದು ಕಾಲಿಗೆ ಕೈ ಹಚ್ಚಿದಳು.

“ಏಯ್, ನಿಚ್ಚಣಕಿ ಬಿಡಬೇ!”

“ಯಾಕ್ರಿ ಧಣ್ಯಾರ? ಮೂರಡಿ ಐತಲ್ರಿ. ಕಾಲೆತ್ತಿ ಇಟ್ರ ಮ್ಯಾಲ ಬರ್ತೀರಿ.”

ಅವನು ಜಿಗಿದ. ಬೆರಳು ಅಂಚಿನ ಹತ್ತಿರವೂ ಬರಲಿಲ್ಲ. ಉಗುರು ಕೆರೆದಲ್ಲಿಂದ ಮಣ್ಣು ಸಣ್ಣಗೆ ಉದುರತೊಡಗಿತು. ಅವಳ ತಾಯಿ, ತಂಗಿ, ಹೆಣ್ಣುಮಕ್ಕಳನ್ನೆಲ್ಲ ಹೆಸರಿಟ್ಟು ಬೈದ. ಬದಿಯಲ್ಲಿ ಕಾಂಕ್ರೀಟ್ ಮಿಕ್ಸರ್ ಗಡಗಡ ತಿರುಗುತ್ತಲೇ ಇತ್ತು, ಅವನ ಕೂಗು ಕಾರಿನ ತನಕ ಹೋಗಲಿಲ್ಲ. ಅದನ್ನು ನಿಲ್ಲಿಸಲು ಯಾರೂ ಹೋಗಲಿಲ್ಲ.

ಕೃಷ್ಣಾಬಾಯಿ ಬುಟ್ಟಿ ತುಂಬಿ ತಂದು ಸುರಿದಳು. ಮಣ್ಣು ಅವನ ಹೆಗಲ ಮೇಲೆ ಬಿತ್ತು.

“ಎವ್ವಾ, ಕೃಷ್ಣಾಬಾಯಿ, ತಪ್ಪಾತು. ಗ್ವಾಡಿ ಬೀಳತೈತಿ, ನಿನ್ನ ಕಾಲ ಬೀಳ್ತೀನಿ.”

“ಎಷ್ಟ ಆಳ ಐತ್ರಿ?”

“ಮೂರು.”

“ಮೂರು ಏನು?”

ಪಾರ್ವತಿಬಾಯಿಯ ಬುಟ್ಟಿ ಅವನ ನೆತ್ತಿಯ ಮೇಲೆ ಸುರಿಯಿತು. ಬಿರುಕು ಬಿಟ್ಟ ಕಡೆಯಿಂದ ಹೆಂಟೆಯೊಂದು ಕಳಚಿ ಬೂಟಿನ ಪಕ್ಕಕ್ಕೆ ಬಿತ್ತು.

“ಮೀಟರ್! ಮೂರು ಮೀಟರ್ ಐತೆವ್ವಾ, ಮೀಟರ್!”

ಹಿಂದೆ ಗಂಡಸರೂ ಒಬ್ಬೊಬ್ಬರಾಗಿ ಗುದ್ದಲಿ ಎತ್ತಿಕೊಂಡ ಸಪ್ಪಳ ಕೇಳಿತು. ಕೃಷ್ಣಾಬಾಯಿ ತಿರುಗಿ ನೋಡಲಿಲ್ಲ. ತುಂಬಿದ ಬುಟ್ಟಿಯನ್ನು ಸೊಂಟಕ್ಕೆ ಆನಿಸಿ ಅಂಚಿಗೆ ಬಂದು ಬಗ್ಗಿದಳು.

“ಇನ್ನೂ ಜೋರಾಗಿ ಹೇಳ್ರಿ ಧಣ್ಯಾರ,” ಎಂದಳು. “ಸಾಹೇಬ್ರು ಕಾರಿನ ಗಾಜು ಏರಿಸ್ಯಾರ.”

ಬುಟ್ಟಿ ಬೋರಲು ಹಾಕಿದಳು.